ಕಾವ್ಯವನ್ನು ಓದುವ ಬಗೆ
(ಶ್ರೀಮಠದ ಸುವರ್ಣ ಮಹೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಶ್ರೀಮಠದ ಪಾಠಶಾಲೆಯ ಪ್ರಸಾದವನ್ನುಂಡು ಅಕ್ಷರವನ್ನು ಕಲಿತವನು ನಾನು. ಪುರಾಣವನ್ನು ಕೇಳುವ ಭಕ್ತರಿಗೂ ಪಾಠಶಾಲೆಯ ವಿದ್ಯಾರ್ಥಿಗಳಿಗೂ ಪ್ರಯೋಜನವಾಗುವಂತೆ, ಕಾವ್ಯವನ್ನು ಹೇಗೆ ಓದಿ ತಿಳಿಯಬೇಕೆಂಬುದನ್ನು ಹೇಳಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ಹೇಳುವ ಯೋಗ್ಯತೆ ನನಗೆ ಎಷ್ಟರಮಟ್ಟಿಗೆ ಇದೆಯೆಂಬುದನ್ನು ಒಂದು ಸಂಗತಿಯಿಂದ ಮೊದಲೇ ಅರಿಕೆ ಮಾಡಿಕೊಳ್ಳುವೆನು.

ನನಗೆ ಇಪ್ಪತ್ತೈದು ವರ್ಷ ತುಂಬುವ ಮೊದಲೇ ಚಾಮರಸನ ಪ್ರಭುಲಿಂಗಲೀಲೆಯ ಅನೇಕ ಗತಿಗಳು ಕಂಠಪಾಠವಾಗಿದ್ದವು. ಒಂದು ಶ್ರಾವಣಮಾಸದಲ್ಲಿ ಸಮೀಪದ ಹಳ್ಳಿಯೊಂದಕ್ಕೆ ಪುರಾಣ ಹೇಳಲು ಹೋದೆನು. ಮುಕ್ತಾಯಿಯು ಅಣ್ಣನಾದ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿರುವಾಗ ಅಲ್ಲಮಪ್ರಭುವು ಆಕೆಯನ್ನು ಕಾಣುವ ಪ್ರಸಂಗವು ಬಂದಿತು. ನಾನು ಸಮಾಸಗಳನ್ನು ಬಿಡಿಸಿದೆನು, ಅಲಂಕಾರಗಳಿಗೆ ಲಕ್ಷಣವನ್ನು ಹೇಳಿದೆನು, ಸಭೆಯು ತಲೆದೂಗಿತು. ಪುರಾಣ ಮುಗಿದ ಮೇಲೆ ವೃದ್ಧೆಯೊಬ್ಬಳು ಹತ್ತಿರ ಬಂದಳು. ಆ ವರ್ಷವೇ ಆಕೆ ಒಡಹುಟ್ಟಿದವನನ್ನು ಮಣ್ಣು ಮಾಡಿದ್ದಳೆಂದು ಆಮೇಲೆ ತಿಳಿಯಿತು. “ಯಪ್ಪಾ, ಶಾಸ್ತ್ರಿಗಳೇ, ಪ್ರಭುದೇವರು ಆಕೀನ್ನ ಬೈದರೋ, ಸಂತೈಸಿದರೋ?” ಎಂದು ಕೇಳಿದಳು. ಪದ್ಯಗಳೆಲ್ಲವೂ ನನ್ನ ನಾಲಗೆಯ ಮೇಲಿದ್ದವು. ಉತ್ತರ ಮಾತ್ರ ಇರಲಿಲ್ಲ. “ನಾಳೆ ಹೇಳುವೆನು ತಾಯಿ” ಎಂದು ಜಾರಿಕೊಂಡೆನು. ನಾಳೆಯೂ ಹೇಳಲಿಲ್ಲ. ಪುರಾಣ ಮುಗಿಸಿ, ಕಾಣಿಕೆಯನ್ನು ಪಡೆದು, ಊರಿಗೆ ಬಂದುಬಿಟ್ಟೆನು.

ಆ ಲಜ್ಜೆಯೇ ನನಗೆ ಕಾವ್ಯವನ್ನು ಓದಲು ಕಲಿಸಿತು. ನನ್ನ ಗುರುಗಳಲ್ಲಿ ಹೋಗಿ ಎಲ್ಲವನ್ನೂ ನಿವೇದಿಸಿಕೊಂಡಾಗ ಅವರು, “ತಮ್ಮಾ, ನೀನು ಕಾವ್ಯವನ್ನು ಹೊತ್ತುಕೊಂಡಿದ್ದೀಯೆ, ಓದಿಲ್ಲ, ಮೊದಲಿನಿಂದ ಓದೋಣ ಬಾ” ಎಂದರು. ಅಂದು ಅವರು ಹೇಳಿಕೊಟ್ಟ ಕ್ರಮವನ್ನೇ ಇಂದು ತಮ್ಮ ಮುಂದೆ ಇಡುವೆನು.

ಮೊದಲನೆಯದು ಕಿವಿ. ಕಾವ್ಯವನ್ನು ಬಾಯಿಬಿಟ್ಟು ಓದಬೇಕು. ನಮ್ಮ ಪೂರ್ವಿಕರ ತಾಳೆಯೋಲೆಗಳಲ್ಲಿ ಪದಪದಗಳ ನಡುವೆ ತೆರಪಿರುತ್ತಿರಲಿಲ್ಲ. ಎಲ್ಲಿ ಒಡೆಯಬೇಕೆಂಬುದನ್ನು ಓದುವವನೇ ಕಂಡುಕೊಳ್ಳಬೇಕಾಗಿದ್ದಿತು. ‘ಬಂದನಾಗ’ ಎಂದು ಬರೆದಿದ್ದರೆ ‘ಬಂದನು ಆಗ’ ಎಂದೋ, ‘ಬಂದ ನಾಗ’ ಎಂದೋ? ಸಂದರ್ಭವನ್ನು ಅರಿಯದವನು ಮನುಷ್ಯನು ಬಂದಲ್ಲಿ ಹಾವನ್ನು ಕಾಣುವನು! ಈಗಿನ ಅಚ್ಚಿನ ಪುಸ್ತಕಗಳಲ್ಲಿ ಸಂಪಾದಕರು ಪದಗಳನ್ನು ಬಿಡಿಸಿ ಕೊಟ್ಟಿರುವುದರಿಂದ ನಮಗೆ ಅನುಕೂಲವಾಗಿದೆ. ಆದರೆ ಕಿವಿಯು ಸೋಮಾರಿಯಾಗಿದೆ.

ಕಿವಿಗೆ ಛಂದಸ್ಸೂ ತಿಳಿಯಬೇಕು. ಪ್ರಭುಲಿಂಗಲೀಲೆಯು ಭಾಮಿನೀಷಟ್ಪದಿಯಲ್ಲಿದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆಗಳು. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಅದೇ ನಡೆ ಮೂರು ಸಲ ಬಂದು, ಕೊನೆಗೊಂದು ಗುರು ಸೇರಿ, 23 ಮಾತ್ರೆಗಳು. ರಾಘವಾಂಕನ ಹರಿಶ್ಚಂದ್ರಕಾವ್ಯದ ವಾರ್ಧಕಷಟ್ಪದಿಯಲ್ಲಿ ಐದೈದು ಮಾತ್ರೆಗಳ ಗಣಗಳು. ಅಲ್ಲಿ ಸಾಲುಗಳು 20 ಮತ್ತು 32 ಮಾತ್ರೆಗಳಷ್ಟು ನೀಳವಾಗುವುವು. ಇದನ್ನು ಬೆರಳೆಣಿಸಿ ಒಮ್ಮೆ ಕಲಿತು ಆಮೇಲೆ ಬೆರಳನ್ನು ಮರೆಯಬೇಕು. ನಮ್ಮ ಹುಡುಗರು ಪ್ರತಿಯೊಂದು ಸಾಲಿನ ತುದಿಯಲ್ಲಿಯೂ ನಿಲ್ಲುವರು. ಕವಿಯ ವಾಕ್ಯವಾದರೋ ಅನೇಕ ವೇಳೆ ಸಾಲನ್ನು ದಾಟಿ ಮುಂದಕ್ಕೆ ಹರಿದಿರುತ್ತದೆ. ಸಾಲು ಮುಗಿದಲ್ಲಿ ನಿಲ್ಲದೆ ಅರ್ಥ ಮುಗಿದಲ್ಲಿ ನಿಲ್ಲುವವನೇ ಓದುಗನು.

ಎರಡನೆಯದು ಪದಾರ್ಥ. ಇಲ್ಲಿ ಸಂಸ್ಕೃತ ಬಲ್ಲವರೇ ಹೆಚ್ಚಾಗಿ ಎಡವುವರು. ಹಳಗನ್ನಡದಲ್ಲಿ ‘ಕರಂ’ ಎಂದರೆ ಬಹಳವಾಗಿ ಎಂದರ್ಥವಿರುವಲ್ಲಿ ನಾನು ‘ಕೈ’ ಎಂದು ಹೇಳಿ ನಗೆಗೀಡಾದವನು. ‘ಬಾಳ್’ ಎಂಬುದಕ್ಕೆ ಕತ್ತಿಯೆಂಬ ಅರ್ಥವೂ ಉಂಟು, ಜೀವಿಸು ಎಂಬ ಅರ್ಥವೂ ಉಂಟು. ಮೊದಲು ಇವೆರಡಕ್ಕೂ ಬೇರೆಬೇರೆ ಅಕ್ಷರಗಳಿದ್ದವು. ಬದುಕಿನ ‘ಬಾೞ್’ ಎಂಬುದರಲ್ಲಿದ್ದ ೞಕಾರವು ಕಾಲಕ್ರಮದಲ್ಲಿ ಳಕಾರದೊಡನೆ ಬೆರೆತುಹೋಯಿತು. ಸುಮಾರು 1260ರ ಹೊತ್ತಿಗೆ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಇಂತಹ ಭೇದಗಳನ್ನು ವಿವರಿಸಿರುವನು. ವ್ಯಾಕರಣವು ಕಾವ್ಯಕ್ಕೆ ಶತ್ರುವೆಂದು ಹೇಳುವವರು ಕತ್ತಿಯನ್ನು ಬದುಕೆಂದು ತಿಳಿಯುವ ಅಪಾಯದಲ್ಲಿರುವರು.

ಮೂರನೆಯದು ಅನ್ವಯ. ಮೊದಲು ಕ್ರಿಯಾಪದವನ್ನು ಹುಡುಕಬೇಕು. ಅನಂತರ ಯಾರು, ಯಾರನ್ನು, ಯಾವುದರಿಂದ, ಯಾವಾಗ ಎಂದು ಒಂದೊಂದಾಗಿ ಕೇಳುತ್ತ ಹೋಗಬೇಕು. ಇದನ್ನೇ ಪಾಠಶಾಲೆಗಳಲ್ಲಿ ಖಂಡಾನ್ವಯವೆನ್ನುವರು. ಪ್ರಶ್ನೆಗೆ ಉತ್ತರವಾಗಿ ಪದಗಳೇ ಎದ್ದುಬಂದು ತಮ್ಮ ತಮ್ಮ ಸ್ಥಾನದಲ್ಲಿ ಕುಳಿತುಕೊಳ್ಳುವುವು.

ಇಷ್ಟಕ್ಕೆ ಕಾವ್ಯವು ತಿಳಿಯಿತೆಂದು ನಾನು ನಂಬಿದ್ದೆನು. ಅದು ಬಾಗಿಲವರೆಗಿನ ದಾರಿ ಮಾತ್ರ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಕಾವ್ಯದ ಆತ್ಮವು ಧ್ವನಿಯೆಂದು ಪ್ರತಿಪಾದಿಸಿದನು. ಶಾಸ್ತ್ರದಲ್ಲಿ ಬರುವ ಪ್ರಸಿದ್ಧ ಉದಾಹರಣೆಯನ್ನೇ ನೋಡಿರಿ: ಗಂಗೆಯಲ್ಲಿ ಹಟ್ಟಿಯಿದೆ ಎಂದರೆ, ಹರಿಯುವ ನೀರಿನ ಮೇಲೆ ಹಟ್ಟಿಯು ನಿಲ್ಲಲಾರದು, ಆದುದರಿಂದ ದಂಡೆಯ ಮೇಲೆ ಎಂದು ತಿಳಿಯುವೆವು. ಹಾಗಾದರೆ ದಂಡೆಯೆಂದೇ ಹೇಳಬಹುದಾಗಿದ್ದಿತಲ್ಲವೇ? ಗಂಗೆಯೆಂದುದರಿಂದ ಆ ತಾಣದ ತಂಪೂ ಪಾವನತ್ವವೂ ಹೃದಯಕ್ಕೆ ತಟ್ಟಿದವು. ನಿಘಂಟಿನಲ್ಲಿ ಸಿಕ್ಕದ ಆ ತಂಪನ್ನು ಅನುಭವಿಸಬಲ್ಲವನೇ ಸಹೃದಯನು. ಸುಮಾರು 850ರಲ್ಲಿ ಹುಟ್ಟಿದ ಕವಿರಾಜಮಾರ್ಗವು, ಈ ನಾಡಿನವರು ವಿಶೇಷವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಹೊಗಳಿರುವುದು ಸುಮ್ಮನಲ್ಲ. ಆ ವೃದ್ಧೆಗೆ ಅಕ್ಷರ ಬಾರದಿದ್ದರೂ ಕಾವ್ಯದ ಮರ್ಮವನ್ನು ಕೇಳಿದವಳು ಅವಳೇ.

ಇನ್ನು ನಮ್ಮ ಶರಣರ ವಚನಗಳು. ಇವು ಷಟ್ಪದಿಯಂತೆ ಮಾತ್ರೆಗೆ ಕಟ್ಟುಬಿದ್ದವುಗಳಲ್ಲ. ಉಸಿರಿನ ನಡೆಯನ್ನು ಅನುಸರಿಸಿದವುಗಳು. ಪೂಜ್ಯ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದಂದಿನಿಂದ ವಚನಗಳು ಮನೆಮನೆಗೆ ತಲುಪಿದವು. ಆದರೆ ಕೈಗೆ ಬಂದುದೆಲ್ಲ ಮನಕ್ಕೆ ಬಂದಂತಲ್ಲ. ವಚನವನ್ನು ಓದುವಾಗ ಅಂಕಿತವನ್ನು ಬರಿಯ ರುಜುವೆಂದು ದಾಟಿಹೋಗಬಾರದು. ಕೂಡಲಸಂಗಮದೇವನೆಂದಾಗ ಬಸವಣ್ಣನವರು ಯಾರ ಕಡೆಗೆ ಮುಖ ಮಾಡಿ ನಿಂತಿರುವರು, ಅದು ಮೊರೆಯೋ, ಹಟವೋ, ಸಾಕ್ಷಿಯೋ ಎಂದು ವಿಚಾರಿಸಬೇಕು. ಅಲ್ಲಮನ ಬೆಡಗಿನ ವಚನಗಳಿಗೆ ಟೀಕೆಗಳುಂಟು, ಅವುಗಳನ್ನು ಅವಶ್ಯವಾಗಿ ನೋಡಬೇಕು. ಆದರೆ ಒಡನೆಯೇ ಟೀಕೆಗೆ ಕೈಚಾಚದೆ, ತಿಳಿಯದ ಮಾತಿನೊಡನೆ ಕೆಲವು ದಿನ ಇರಲು ಕಲಿಯಬೇಕು.

ಯಾರು, ಯಾರಿಗೆ, ಯಾವಾಗ ನುಡಿದರೆಂಬ ಪ್ರಶ್ನೆಯ ಬೆಲೆಯನ್ನು ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನು ಚೆನ್ನಾಗಿ ಬಲ್ಲನು. ಬಿಡಿಬಿಡಿಯಾಗಿದ್ದ ವಚನಗಳನ್ನು ಆತನು ಶೂನ್ಯಸಂಪಾದನೆಯಲ್ಲಿ ಸಂವಾದವಾಗಿ ಜೋಡಿಸಿದನು. ನನ್ನ ಗುರುಗಳು ಮುಕ್ತಾಯಿಯ ಪ್ರಸಂಗವನ್ನು ಅಲ್ಲಿಯೂ ಓದಿಸಿದರು. ಅಜಗಣ್ಣನು ಆಕೆಗೆ ಅಣ್ಣನಷ್ಟೇ ಅಲ್ಲ, ಗುರುವೂ ಹೌದು. ತನ್ನ ಶಿವನಿಷ್ಠೆಯನ್ನು ಲೋಕಕ್ಕೆ ತೋರಗೊಡದ ಗುಪ್ತಭಕ್ತನು. ಆಕೆಯದು ಎರಡು ಮಡಿ ದುಃಖ. ಪ್ರಭುವು ಆಕೆಯನ್ನು ಪ್ರಶ್ನಿಸುವನು. ಆಕೆಯೂ ತಲೆತಗ್ಗಿಸದೆ ಪ್ರಭುವನ್ನೇ ಮರಳಿ ಪ್ರಶ್ನಿಸುವಳು. “ಬೈಸಿಕೊಂಡವಳು ಹೀಗೆ ಕೇಳುವಳೇ? ಬರಿಯ ಸಮಾಧಾನ ಸಾಕೆನಿಸಿದವಳು ಕೇಳುವಳೇ?” ಎಂದರು ಗುರುಗಳು. ಆಗ ನನಗೆ ಹೊಳೆಯಿತು. ದುಃಖದಲ್ಲಿದ್ದವಳನ್ನು ಪ್ರಭುವು ಕನಿಕರಕ್ಕೆ ಮಾತ್ರ ಪಾತ್ರಳೆಂದು ಎಣಿಸಲಿಲ್ಲ. ಅರಿವಿಗೆ ಯೋಗ್ಯಳೆಂದು ಎಣಿಸಿ, ಸಮಾನಳೊಡನೆ ಮಾತಾಡುವಂತೆ ಮಾತಾಡಿದನು. ಆ ಗೌರವವೇ ಆತನು ಕೊಟ್ಟ ಸಾಂತ್ವನ.

ಮರುವರ್ಷ ಅದೇ ಹಳ್ಳಿಗೆ ನಾನಾಗಿಯೇ ಕೇಳಿಕೊಂಡು ಹೋದೆನು. ಹಿಂದಿನ ವರ್ಷ ಉತ್ತರ ತಿಳಿಯದೆ ಓಡಿಹೋದೆನೆಂದು ಸಭೆಯಲ್ಲಿಯೇ ಒಪ್ಪಿಕೊಂಡು, ಆ ಪ್ರಸಂಗವನ್ನು ನಿಧಾನವಾಗಿ ಓದಿದೆನು. ಅಲಂಕಾರಗಳ ಹೆಸರನ್ನು ಹೇಳಲಿಲ್ಲ. ಆ ತಾಯಿಯು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಳು. ಕಡೆಗೆ ಸೆರಗಿನಿಂದ ಕಣ್ಣೊರಸಿಕೊಂಡು, “ಈ ಸಲ ತಿಳೀತು, ಯಪ್ಪಾ” ಎಂದಳು. ನನಗೂ ತಿಳಿದದ್ದು ಆ ಸಲವೇ.

ಸದ್ಭಕ್ತರೇ, ಇದಕ್ಕೆ ದೊಡ್ಡ ಸಾಧನಗಳು ಬೇಡ. ದಿನಕ್ಕೊಂದು ಷಟ್ಪದಿ ಅಥವಾ ಒಂದು ವಚನ ಸಾಕು. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಅರ್ಥವನ್ನು ಕೇಳಲಿ. ಮಕ್ಕಳು ಕೇಳಿದರೆ ಗದರಿಸದಿರಲಿ. ವಿದ್ಯಾರ್ಥಿಗಳಿಗೆ ನನ್ನ ಒಂದೇ ಬಿನ್ನಹ: ಕಂಠಪಾಠವನ್ನು ಬಿಡಬೇಡಿರಿ, ಅದರಲ್ಲಿಯೇ ನಿಲ್ಲಲೂ ಬೇಡಿರಿ. ತಿಳಿಯದುದನ್ನು ತಿಳಿಯದೆಂದು ಹೇಳುವ ಧೈರ್ಯವು ನಿಮಗೆ ನನಗಿಂತ ಬೇಗನೆ ಬರಲಿ.