ತೊಗರಿಯ ಬೇರಿಗೆ ಹೆಪ್ಪು

ಮಿರಗದ ಮಳೆ ಹತ್ತಿರ ಬಂತು. ಕಲಬುರಗಿ ಸೀಮೆಯ ಎರೆ ಭೂಮಿಯಲ್ಲಿ ಹರಗುವ ಕೆಲಸ ಮುಗಿಯುತ್ತಿದೆ, ಕೂರಿಗೆಗಳು ದುರಸ್ತಿಯಾಗುತ್ತಿವೆ. ಇಲ್ಲಿ ಬಹಳ ಮನೆಗಳಿಗೆ ತೊಗರಿಯೇ ವರ್ಷದ ದುಡಿಮೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಹೂವು ಕಾಯಿ ಹಿಡಿಯುವ ಹೊತ್ತಿಗೆ ಹೊಲದ ನಡುವೆ ಗಿಡಗಳು ನಿಂತಲ್ಲೇ ಒಣಗಿದರೆ ಆ ಹೆಸರು ನಮ್ಮ ಕಣಜ ತುಂಬಿಸೀತೇ? ಆದುದರಿಂದ ಬಿತ್ತುವ ಮೊದಲೇ ಮಾಡಬೇಕಾದ, ಕಡಿಮೆ ಖರ್ಚಿನ ಒಂದು ಕೆಲಸವನ್ನು ಇಂದು ಹೇಳುತ್ತೇನೆ. ಅದು ಬೀಜಕ್ಕೆ ಅಣುಜೀವಿ ಹಚ್ಚುವ ಕೆಲಸ.

ಅಣುಜೀವಿ ಅಂದರೆ ಏನು? ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕುತ್ತೀರಿ, ಬೆಳಗಾದರೆ ಪಾತ್ರೆ ತುಂಬ ಮೊಸರು. ಆ ಚಮಚದಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದು, ಯಾಕಂದ್ರೆ ಜೀವ ಸತ್ತಿತು. ಅಣುಜೀವಿ ಗೊಬ್ಬರದ ಪೊಟ್ಟಣವೂ ಅಂಥ ಹೆಪ್ಪೇ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ತೊಗರಿ ಬೆಳೆದ ಹೊಲದಲ್ಲಿ ಮರುವರ್ಷ ಜೋಳ ಚೆನ್ನಾಗಿ ಬರುತ್ತದೆಂದು ನಮ್ಮ ಹಿರಿಯರು ಕಂಡುಕೊಂಡಿದ್ದರು. ಉದುರಿದ ಎಲೆ ಅದಕ್ಕೊಂದು ಕಾರಣ. ಬೇರಿನ ಗಂಟು ಇನ್ನೊಂದು. ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕವೇ. ಆದರೆ ಗಿಡ ಅದನ್ನು ನೇರವಾಗಿ ತೆಗೆದುಕೊಳ್ಳಲಾರದು. ದ್ವಿದಳ ಬೆಳೆಗಳು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಪಡೆಯುತ್ತವೆಂದು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ 1888ರಲ್ಲಿ ತೋರಿಸಿದರು. ಅದೇ ವರ್ಷ ಹಾಲೆಂಡಿನ ಬೈಯೆರಿಂಕ್ ಆ ಗಂಟಿನೊಳಗಿನ ಅಣುಜೀವಿಯನ್ನು ಬೇರ್ಪಡಿಸಿ ಬೆಳೆಸಿದರು. ಅದಕ್ಕೆ ರೈಜೋಬಿಯಂ ಎಂದು ಹೆಸರು. ಗಿಡ ಅದಕ್ಕೆ ಸಕ್ಕರೆಯ ಅಂಶ ಕೊಡುತ್ತದೆ, ಅದು ಗಿಡಕ್ಕೆ ಸಾರಜನಕ ಕೊಡುತ್ತದೆ. ನಮ್ಮ ಮುಯ್ಯಾಳಿನ ಪದ್ಧತಿಯ ಹಾಗೆ.

ಇನ್ನು ಕೊಳ್ಳುವ ವಿಚಾರ. ರೈಜೋಬಿಯಂ ಎಲ್ಲ ಬೆಳೆಗೂ ಒಂದೇ ಅಲ್ಲ. ಕಡಲೆಗೆ ಬೇರೆ, ಸೋಯಾ ಅವರೆಗೆ ಬೇರೆ. ತೊಗರಿಗೆಂದು ಬರೆದಿರುವುದನ್ನೇ ಕೇಳಿರಿ. ಪುಡಿ ರೂಪದ ರೈಜೋಬಿಯಂ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಅಣುಜೀವಿ ಇರಬೇಕೆಂಬ ನಿಯಮವಿದೆ. ತಯಾರಾದ ದಿನ, ಅವಧಿ ಮುಗಿಯುವ ದಿನ ಎರಡನ್ನೂ ಓದಿ ನೋಡಿರಿ. ಅವಧಿ ಮುಗಿದದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿರಿ. ತಗಡಿನ ಕೆಳಗೆ ಕಾದ ಪೊಟ್ಟಣವೂ ಬೇಡ. ಮನೆಗೆ ತಂದ ಮೇಲೆ ತಂಪಾದ ನೆರಳಿನಲ್ಲಿಡಿ. ಕೀಟನಾಶಕದ ಡಬ್ಬಿಯ ಪಕ್ಕ, ಗೊಬ್ಬರದ ಚೀಲದ ಮೇಲೆ ಇಡಬೇಡಿರಿ.

ಹಚ್ಚುವ ಕ್ರಮ ಹೀಗೆ. ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ನೀರಿನಲ್ಲಿ ಒಂದು ಸಣ್ಣ ಉಂಡೆಯಷ್ಟು, ಅಂದರೆ 40–50 ಗ್ರಾಂ ಬೆಲ್ಲ ಕರಗಿಸಿ ಕುದಿಸಿರಿ. ಪೂರ್ತಿ ಆರಲಿ. ಬಿಸಿಯಿದ್ದಾಗ ಹಚ್ಚಿದರೆ ಹೆಪ್ಪು ಸತ್ತಂತೆಯೇ. ಎರಡೆಕರೆಗೆ ಬೇಕಾಗುವ 10 ಕಿಲೋ ಬೀಜವನ್ನು ನೆರಳಿನಲ್ಲಿ ತಾಡಪತ್ರಿಯ ಮೇಲೆ ಹರಡಿ, ಬೆಲ್ಲದ ನೀರು ಚಿಮುಕಿಸಿರಿ. ಬೀಜಕ್ಕೆ ಅಂಟು ಹತ್ತಿದರೆ ಸಾಕು, ನೆನೆಯಬಾರದು. ನೀರು ಮಿಕ್ಕರೆ ಮಿಗಲಿ. ಮೊದಲು ಕಿಲೋಗೆ 4 ಗ್ರಾಂನಂತೆ 40 ಗ್ರಾಂ ಟ್ರೈಕೋಡರ್ಮಾ, ಆಮೇಲೆ 200 ಗ್ರಾಂನ ಒಂದು ಪೊಟ್ಟಣ ರೈಜೋಬಿಯಂ ಹಾಕಿ ಮೆಲ್ಲಗೆ ಕೈಯಾಡಿಸಿರಿ. ಗಟ್ಟಿಯಾಗಿ ತಿಕ್ಕಿದರೆ ಸಿಪ್ಪೆ ಸುಲಿಯುತ್ತದೆ. ಅರ್ಧ ಗಂಟೆ ನೆರಳಿನಲ್ಲೇ ಆರಿಸಿ, ಅಂದೇ ಬಿತ್ತಿರಿ.

ಈ ಟ್ರೈಕೋಡರ್ಮಾ ಯಾತಕ್ಕೆ ಎಂದಿರಾ? ಅದು ಒಳ್ಳೆಯ ಬೂಸ್ಟು. ನೆಟೆ ರೋಗ ತರುವುದೂ ಮಣ್ಣಿನ ಒಂದು ಬೂಸ್ಟೇ. ಬೇರಿನ ಸುತ್ತ ಒಳ್ಳೆಯದು ಮೊದಲೇ ಮನೆ ಮಾಡಿದರೆ ಕೆಟ್ಟದ್ದಕ್ಕೆ ಜಾಗ ಕಡಿಮೆ. ನೆಟೆ ಬಂದ ಹೊಲಕ್ಕೆ ಬೀಜೋಪಚಾರವೊಂದೇ ಸಾಲದು. ಎಕರೆಗೆ ಒಂದು ಕಿಲೋ ಟ್ರೈಕೋಡರ್ಮಾವನ್ನು ಒಂದು ಕ್ವಿಂಟಲ್ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿತಾಟು ಮುಚ್ಚಿ ಹತ್ತು ದಿನ ಬಿಡಿ. ಆ ಮೇಲೆ ಬಿತ್ತುವಾಗ ಮಣ್ಣಿಗೆ ಸೇರಿಸಿರಿ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಒಣಗಿದ ಗಿಡವನ್ನು ಇದು ಬದುಕಿಸದು. ನೆಟೆ ರೋಗದ ಬೂಸ್ಟು ತೊಗರಿಯ ಕೊಳೆಯಲ್ಲಿ ಎರಡು ಮೂರು ವರ್ಷ ಜೀವ ಹಿಡಿದಿರುತ್ತದೆ. ಒಣಗಿದ ಗಿಡವನ್ನು ಬೇರುಸಹಿತ ಕಿತ್ತು ಸುಡಿರಿ. ಅಂಥ ಹೊಲಕ್ಕೆ ಜೋಳದ ಸರದಿ ಕೊಡಿರಿ. ಕಲಬುರಗಿ ಸಂಶೋಧನಾ ಕೇಂದ್ರದಿಂದ ಬಂದ ಟಿ.ಎಸ್.-3ಆರ್‌ನಂಥ ನೆಟೆ ತಡೆಯುವ ತಳಿ ಆರಿಸಿರಿ. ಇವೆಲ್ಲ ಕೂಡಿದರೆ ಫಲ.

ಕೆಲವರು ಕೇಳುತ್ತಾರೆ: "ಸಾಹೇಬರೆ, ಬಣ್ಣ ಹಚ್ಚಿದ ಬೀಜ ತಂದಿದ್ದೇವೆ, ಅದಕ್ಕೂ ಹಚ್ಚೋಣವೇ?" ಆ ಬಣ್ಣದ ಜೊತೆ ಬೂಸ್ಟುನಾಶಕ ಔಷಧಿ ಇರುತ್ತದೆ. ಅದು ಕೆಟ್ಟ ಬೂಸ್ಟಿನ ಜೊತೆ ಟ್ರೈಕೋಡರ್ಮಾವನ್ನೂ ಕೊಲ್ಲಬಹುದು. ಅಂಥ ಬೀಜವಾದರೆ ಟ್ರೈಕೋಡರ್ಮಾವನ್ನು ಗೊಬ್ಬರದ ಮೂಲಕವೇ ಮಣ್ಣಿಗೆ ಕೊಡಿರಿ. ರೈಜೋಬಿಯಂ ಹೇಗೆ ಕೊಡಬೇಕೆಂಬುದನ್ನು ಬೀಜದ ಚೀಟಿ ತೋರಿಸಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.

ಇನ್ನು ಯೂರಿಯಾ. ಬಿತ್ತುವಾಗ ಎಕರೆಗೆ 10 ಕಿಲೋ ಸಾರಜನಕ, 20 ಕಿಲೋ ರಂಜಕ ತೊಗರಿಗೆ ಹೇಳಿದ ಅಳತೆ. ಆಮೇಲೆ ಪಕ್ಕದವರು ಹಾಕಿದರೆಂದು ನಾವೂ ಯೂರಿಯಾ ಎರಚಿದರೆ, ಕುಳಿತು ಉಣ್ಣುವ ಗಿಡ ಗಂಟು ಕಟ್ಟುವ ಗೋಜಿಗೆ ಹೋಗದು. ಎಲೆ ಹಸಿರಾದೀತು, ಹಣ ಹೋದೀತು.

ಕೆಲಸ ಆಗಿದೆಯೋ ಇಲ್ಲವೋ ಎಂಬುದನ್ನು ನನ್ನ ಮಾತಿನ ಮೇಲೆ ನಂಬಬೇಡಿರಿ, ನೀವೇ ನೋಡಿರಿ. ಬಿತ್ತುವಾಗ ನಾಲ್ಕು ಸಾಲಿಗೆ ಅಣುಜೀವಿ ಹಚ್ಚದ ಬೀಜ ಹಾಕಿ ಗುರುತಿಗೆ ಕಡ್ಡಿ ನೆಡಿರಿ. 40 ದಿನಕ್ಕೆ ಎರಡೂ ಕಡೆಯಿಂದ ಐದೈದು ಗಿಡ ತೆಗೆಯಿರಿ. ಕೈಯಿಂದ ಜಗ್ಗಿದರೆ ಗಂಟು ಎರೆ ಮಣ್ಣಿನಲ್ಲೇ ಉಳಿಯುತ್ತದೆ. ಸಲಿಕೆಯಿಂದ ಹೆಂಟೆಸಮೇತ ಎತ್ತಿ, ನೀರಿನಲ್ಲಿ ನೆನೆಯಿಟ್ಟು ತೊಳೆಯಿರಿ. ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪಾಗಿದ್ದರೆ ಅದು ದುಡಿಯುತ್ತಿದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ದುಡಿಯುತ್ತಿಲ್ಲ. ಪ್ರತಿವರ್ಷ ತೊಗರಿ ಬೆಳೆದ ಹೊಲದಲ್ಲಿ ಮೊದಲೇ ಈ ಜೀವಗಳಿರುವುದರಿಂದ ಎರಡರ ಅಂತರ ಕಡಿಮೆ ಕಾಣಬಹುದು. ಅದೂ ನಿಮಗೆ ಗೊತ್ತಾಗಲಿ.

ಬೀಜ ಹಸನು ಮಾಡಿ ಇಡುವುದು ಬಹಳ ಮನೆಗಳಲ್ಲಿ ತಾಯಂದಿರ ಕೈಕೆಲಸ. ಹೆಪ್ಪಿನ ಹದ ಬಲ್ಲ ಕೈ ಅದು. ಈ ವರ್ಷ ಅಣುಜೀವಿ ಹಚ್ಚುವ ಕೆಲಸವನ್ನೂ ಅವರಿಗೇ ಕೇಳಿ ಮಾಡಿರಿ. ಪೊಟ್ಟಣವನ್ನು ಮಳೆ ಬಿದ್ದ ದಿನ ಓಡಾಡಿ ಹುಡುಕುವ ಬದಲು ಈ ವಾರವೇ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಿರಿ.