ಮಕ್ಕಳ ಕಾಗದವೂ ಮೈಸೂರಿನ ಆನೆಯೂ

(ದಿವಾದ ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಬೇರೆ ಬೇರೆ ದೇಶಗಳ ಶಾಲಾಮಕ್ಕಳು ಒಬ್ಬರಿಗೊಬ್ಬರು ಕಾಗದ ಬರೆದು, ಚಿತ್ರ ಕಳಿಸಿ ಪರಿಚಯ ಬೆಳೆಸುವ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಉಪಾಧ್ಯಾಯನಲ್ಲ. ಮೂವತ್ತು ವರ್ಷ ಜಮಾಖರ್ಚು ಬರೆದ ಗುಮಾಸ್ತ. ಶಿಕ್ಷಣಶಾಸ್ತ್ರ ನನಗೆ ಬಾರದು. ಆದುದರಿಂದ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಅದರಲ್ಲಿ ರೈಲಿದೆ, ಆನೆಯಿದೆ, ನಮ್ಮ ಕನ್ನಡವೂ ಇದೆ.

ಜಪಾನಿನ ರಾಜಧಾನಿ ಟೋಕಿಯೋದಲ್ಲಿ ಉಯೆನೋ ಎಂಬ ಪ್ರಾಣಿಸಂಗ್ರಹಾಲಯವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಜಾನ್, ಟೋಂಕಿ, ಹನಾಕೋ ಎಂಬ ಮೂರು ಆನೆಗಳಿದ್ದವು. ಬಾಂಬು ಬಿದ್ದು ಪಂಜರಗಳು ಒಡೆದರೆ ಪ್ರಾಣಿಗಳು ಊರೊಳಗೆ ನುಗ್ಗುತ್ತವೆಂದು, ಅಪಾಯದ ಪ್ರಾಣಿಗಳನ್ನೆಲ್ಲ ಕೊಲ್ಲಲು 1943ರಲ್ಲಿ ಆಜ್ಞೆಯಾಯಿತು. ಆನೆಗಳನ್ನು ಕೊಂದದ್ದು ಉಪವಾಸ ಕೆಡವಿ. ಸಾಕಿದವರೇ ಕಣ್ಣಾರೆ ಕಂಡು ಸುಮ್ಮನಿರಬೇಕಾಯಿತು. ಈ ಭಾಗವನ್ನು ನಾನು ಲಂಬಿಸಲಾರೆ.

ಯುದ್ಧ ಮುಗಿಯಿತು. ಊರು ಸುಟ್ಟು ಹೋಗಿತ್ತು, ಅನ್ನಕ್ಕೆ ತತ್ವಾರವಿತ್ತು. ಅಂಥ ದಿನಗಳಲ್ಲಿ ಆ ಸಂಗ್ರಹಾಲಯದ ಸುತ್ತಲಿನ ತೈತೋ ಎಂಬ ಬಡಾವಣೆಯ ಮಕ್ಕಳಿಗೆ ಆನೆ ನೋಡಬೇಕೆಂಬ ಹಂಬಲ ಹತ್ತಿತು. ಚಿಕ್ಕ ಮಕ್ಕಳಲ್ಲಿ ಅನೇಕರು ಆನೆಯನ್ನು ಚಿತ್ರದಲ್ಲಿ ಮಾತ್ರ ಕಂಡವರು. ಯುದ್ಧದ ನಂತರ ನಗೋಯಾ ನಗರದಲ್ಲಿ ಮಾತ್ರ ಎರಡು ಆನೆ ಉಳಿದಿದ್ದವು. 'ಒಂದನ್ನು ನಮಗೆ ಸಾಲ ಕೊಡಿ' ಎಂದು 1949ರಲ್ಲಿ ಮಕ್ಕಳ ಸಭೆಯೇ ಕೇಳಿತು. ಜೊತೆಯಲ್ಲಿ ಬದುಕಿದ ಎರಡು ಜೀವಗಳನ್ನು ಅಗಲಿಸಲು ನಗೋಯಾದವರಿಗೆ ಮನಸ್ಸು ಬರಲಿಲ್ಲ. ಆಗ ಆನೆಯಿದ್ದಲ್ಲಿಗೆ ಮಕ್ಕಳನ್ನೇ ಒಯ್ಯಲು ವಿಶೇಷ ರೈಲುಗಳು ಓಡಿದವು. 'ಆನೆಯ ರೈಲು' ಎಂದೇ ಅವುಗಳಿಗೆ ಹೆಸರು. (ನಮ್ಮ ದಿವಾದಲ್ಲಿ ವೇಗದ ಲೋಕಲ್ ನಿಲ್ಲತೊಡಗಿದ್ದು 2016ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ ದೊಡ್ಡವರಾದ ನಾವು ಎಷ್ಟು ಅರ್ಜಿ ಬರೆದೆವೆಂಬುದು ತಮಗೆ ಗೊತ್ತೇ ಇದೆ. ಅರ್ಜಿಯನ್ನು ಮಕ್ಕಳ ಕೈಯಲ್ಲಿ ಬರೆಸಬೇಕಿತ್ತೋ ಏನೋ!)

ಟೋಕಿಯೋದ ಮಕ್ಕಳು ಅಷ್ಟಕ್ಕೇ ಬಿಡಲಿಲ್ಲ. ಆನೆಗಳ ದೇಶ ಯಾವುದು? ಭಾರತ. ಅಲ್ಲಿನ ಪ್ರಧಾನಿ ಯಾರು? ನೆಹರೂ. ಸರಿ, ಕಾಗದ ಬರೆದರು. ಒಂದೆರಡಲ್ಲ, 800ಕ್ಕೂ ಮಿಕ್ಕ ಕಾಗದಗಳು, ಜೊತೆಗೆ ಚಿತ್ರಗಳು. ಕಲ್ಕತ್ತೆಯ ವ್ಯಾಪಾರಿಯೊಬ್ಬರು ಆ ಕಟ್ಟನ್ನು ತಂದು ನೆಹರೂ ಅವರಿಗೆ ಮುಟ್ಟಿಸಿದರು. ಅಂದು ಜಪಾನು ಸೋತು ಪರರ ಆಡಳಿತದಲ್ಲಿದ್ದ ದೇಶ. ನಮಗೂ ಅವರಿಗೂ ಶಾಂತಿಯ ಒಪ್ಪಂದವಾದದ್ದು 1952ರಲ್ಲಿ. ಸರ್ಕಾರಗಳು ಕಾಗದಕ್ಕೆ ರುಜು ಹಾಕುವುದಕ್ಕೆ ಮೂರು ವರ್ಷ ಮೊದಲೇ ಮಕ್ಕಳ ಕಾಗದ ಬಂದು, ಅದಕ್ಕೆ ಉತ್ತರವೂ ಹೋಗಿತ್ತು.

ಉತ್ತರವೆಂದರೆ ಹದಿನೈದು ವರ್ಷದ ಒಂದು ಹೆಣ್ಣಾನೆ. ಅದು ನಮ್ಮ ಮೈಸೂರು ಸೀಮೆಯದು. ತಮ್ಮ ಮಗಳ ಹೆಸರನ್ನೇ ಇಟ್ಟು 'ಇಂದಿರಾ' ಎಂದು ಕರೆದು ನೆಹರೂ ಅವರು ಅದನ್ನು ಹಡಗಿನಲ್ಲಿ ಕಳಿಸಿಕೊಟ್ಟರು. ಇದು ತನ್ನ ಕಾಣಿಕೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಡುವ ಕಾಣಿಕೆ ಎಂಬ ಅರ್ಥದ ಓಲೆಯನ್ನೂ ಜೊತೆಗಿಟ್ಟರು. 1949ರ ಸೆಪ್ಟೆಂಬರ್ 25ರಂದು ಇಂದಿರಾ ಉಯೆನೋ ಸೇರಿತು.

ಇನ್ನು ನನಗೆ ಬಹಳ ಹಿಡಿಸಿದ ಮಾತು. ಆನೆ ಬಂತು, ಸರಿ. ಆದರೆ ಜಪಾನೀ ಭಾಷೆಯಲ್ಲಿ ಏಳೆಂದರೆ ಅದು ಏಳದು, ನಡೆಯೆಂದರೆ ನಡೆಯದು. ಅದು ಕನ್ನಡದ ಆನೆ. ಕನ್ನಡದಲ್ಲಿ ಹೇಳಿದರೆ ಮಾತ್ರ ಅದಕ್ಕೆ ತಿಳಿಯುತ್ತಿತ್ತು. ಜೊತೆಗೆ ಹೋಗಿದ್ದ ಮೈಸೂರಿನ ಮಾವುತರು ಕೆಲಕಾಲ ಅಲ್ಲಿಯೇ ನಿಂತು, ಉಯೆನೋದ ಕಾವಲುಗಾರರಿಗೆ ಆ ಮಾತುಗಳನ್ನು ಕಲಿಸಿಕೊಟ್ಟರು. ಬಂಧುಗಳೆ, ಯೋಚಿಸಿ ನೋಡಿ. ಯಾವ ವಿಶ್ವವಿದ್ಯಾಲಯವೂ ಇಲ್ಲದೆ, ಯಾವ ಪಂಡಿತರೂ ಇಲ್ಲದೆ, ಆನೆಯ ಲಾಯದಲ್ಲಿ ಜಪಾನೀಯರು ಕನ್ನಡ ಕಲಿತರು! ಆನೆಗೆ ಜಪಾನೀ ಕಲಿಸಿಬಿಡೋಣವೆಂದು ಅವರು ಮೊದಲೇ ಹಟ ಹಿಡಿಯಲಿಲ್ಲ. ಬಂದ ಅತಿಥಿಯ ಮಾತನ್ನು ತಾವೇ ಕಲಿತರು.

1950ರಲ್ಲಿ ಇಂದಿರಾ ಜಪಾನಿನ ಹಲವು ಊರುಗಳನ್ನು ಸುತ್ತಿ ಬಂತು. 1957ರಲ್ಲಿ ನೆಹರೂ ಅವರೇ ಅಲ್ಲಿಗೆ ಹೋದಾಗ ಆನೆಯನ್ನು ಕಂಡು ಬಂದರು. 1983ರಲ್ಲಿ ಅದು ತೀರಿಕೊಂಡಿತು. ಮೂವತ್ತನಾಲ್ಕು ವರ್ಷ ಪರದೇಶದಲ್ಲಿ! ಆನೆಯ ಮಟ್ಟಿಗೆ ಇದು ಸುಖದ ಕಥೆಯೇ ಎಂದು ಯಾರಾದರೂ ಕೇಳಿದರೆ ನಾನು ಹೌದೆನ್ನಲಾರೆ. ಮಾವುತರು ಊರಿಗೆ ಮರಳಿದರು, ಆನೆ ಉಳಿಯಿತು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಅದರ ಕಷ್ಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದೇ 1949ರಲ್ಲಿ ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರು ಮಕ್ಕಳ ಚಿತ್ರಸ್ಪರ್ಧೆ ಆರಂಭಿಸಿದರು. ಮರುವರ್ಷದಿಂದ ಅದಕ್ಕೆ ಹೊರದೇಶಗಳ ಮಕ್ಕಳೂ ಚಿತ್ರ ಕಳಿಸತೊಡಗಿದರು. ಒಳ್ಳೆಯ ಕೆಲಸವೇ. ಆದರೆ ಸ್ಪರ್ಧೆಯಲ್ಲಿ ಬಹುಮಾನ ಬರುತ್ತದೆ, ಉತ್ತರ ಬರುವುದಿಲ್ಲ. ಕಾಗದದ ದಾರಿಯೇ ಬೇರೆ. ಬರೆದವನು ಅಂಚೆಯವನ ದಾರಿ ಕಾಯಬೇಕು, ಆ ಕಡೆಯವನು ಕುಳಿತು ಓದಬೇಕು.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ನಾನೂ ನನ್ನ ಮೊಮ್ಮಗಳೂ ಇಲ್ಲಿ ಪ್ಲಾಟ್‌ಫಾರಮಿನ ಮೇಲೆ ನಿಂತಿದ್ದೆವು. ಮಂಗಳೂರಿಗೆ ಹೋಗುವ ಮತ್ಸ್ಯಗಂಧ ಬಂತು. ಅದು ನಮ್ಮೂರ ಗಾಡಿ; ದಿವಾದ ಮೇಲೆ ಹಾದು ಪನವೇಲಿನ ಕಡೆಗೆ ತಿರುಗುತ್ತದೆ, ಆದರೆ ಇಲ್ಲಿ ನಿಲ್ಲುವುದಿಲ್ಲ. ಅಂದು ಸಿಗ್ನಲ್ ಸಿಗದೆ ಎರಡು ನಿಮಿಷ ನಿಂತಿತು. ಹುಡುಗಿ ಡಬ್ಬಿಯ ಮೇಲಿನ ಹಲಗೆಯಲ್ಲಿ ದೇವನಾಗರಿ ಓದಿದಳು, ಇಂಗ್ಲಿಷು ಓದಿದಳು. ಆಮೇಲೆ 'ಅಜ್ಜ, ಆ ದುಂಡುದುಂಡಗಿನ ಅಕ್ಷರ ಯಾವುದು?' ಎಂದು ಕೇಳಿದಳು. ಸಿಗ್ನಲ್ ಬಿತ್ತು, ಗಾಡಿ ಹೊರಟಿತು. ನಾನು ಏನು ಉತ್ತರ ಹೇಳಿದೆನೋ ನನಗೇ ನೆನಪಿಲ್ಲ. ಅವಳಿಗೆ ಮರಾಠಿ ಬರುತ್ತದೆ, ಬರಲೇಬೇಕು. ಈ ನೆಲದ ಅನ್ನ ಉಣ್ಣುವವರು ನಾವು. ತಪ್ಪು ಹುಡುಗಿಯದಲ್ಲ, ನನ್ನದು. ಡ್ಯೂಟಿ, ಲೋಕಲು, ನಿದ್ದೆ ಎಂದು ಕಾಲ ಕಳೆದೆ. ಊರಲ್ಲಿರುವ ನನ್ನ ಅಕ್ಕ ಇನ್ನೂ ಕೈಯಲ್ಲೇ ಕಾಗದ ಬರೆಯುತ್ತಾಳೆ, ಕೊನೆಗೆ 'ಮಗುವಿಗೆ' ಎಂದು ನಾಲ್ಕು ಸಾಲು ಬೇರೆಯಾಗಿ ಸೇರಿಸುತ್ತಾಳೆ. ಆ ನಾಲ್ಕು ಸಾಲನ್ನೂ ನಾನೇ ಓದಿ ಹೇಳಬೇಕು.

ಇದನ್ನು ದುಬೈಯಲ್ಲಿರುವ ನನ್ನ ತಂಗಿಯ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳ ಮಗ ಅಲ್ಲಿ ವಾರಕ್ಕೊಮ್ಮೆ ಕನ್ನಡ ಪಾಠಕ್ಕೆ ಹೋಗುತ್ತಾನೆ. 'ಮಾವ, ಅವನಿಗೂ ಬರೆಯುವುದಕ್ಕೆ ಯಾರೂ ಇಲ್ಲ. ಕಲಿತ ಅಕ್ಷರ ಪುಸ್ತಕದಲ್ಲೇ ಒಣಗುತ್ತದೆ' ಎಂದಳು. ಅಲ್ಲೊಂದಷ್ಟು ಮಕ್ಕಳು, ಇಲ್ಲೊಂದಷ್ಟು ಮಕ್ಕಳು. ಎರಡು ಕಡೆಯೂ ಅರೆಬರೆ ಕನ್ನಡ. ಆದರೇನು? ಉಯೆನೋದ ಕಾವಲುಗಾರರ ಕನ್ನಡವೂ ಅರೆಬರೆಯದೇ. ಆನೆ ನಡೆಯಿತಲ್ಲ!

ಆದುದರಿಂದ ನನ್ನ ಅರಿಕೆ ಇಷ್ಟು. ವಾಚನಾಲಯದ ಉದ್ದನೆಯ ಮೇಜನ್ನು ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಕಾಲ ಮಕ್ಕಳಿಗೆ ಬಿಟ್ಟುಕೊಡಬೇಕು. ಪತ್ರಿಕೆ ಓದುವ ಹಿರಿಯರು ಅಷ್ಟು ಹೊತ್ತು ಬೆಂಚಿನ ಮೇಲೆ ಕುಳಿತುಕೊಳ್ಳಲಿ. ಅಕ್ಷರ ಬಾರದ ಮಗು ಚಿತ್ರ ಬರೆದು ಕೆಳಗೆ ತನ್ನ ಹೆಸರನ್ನಾದರೂ ಕನ್ನಡದಲ್ಲಿ ಬರೆಯಲಿ. ನಮ್ಮ ಖಾಡಿ, ರೈಲ್ವೆ ಫಾಟಕ, ನೀರಿನ ಟ್ಯಾಂಕರು, ವಡಾಪಾವಿನ ಗಾಡಿ, ಯಾವುದನ್ನಾದರೂ ಬರೆಯಲಿ. ಮರಳುಗಾಡಿನ ಮಗುವಿಗೆ ಅವೆಲ್ಲ ಆನೆಯಷ್ಟೇ ಹೊಸದು. ತಂದೆತಾಯಿಗಳಲ್ಲಿ ಒಂದೇ ಬಿನ್ನಹ: ತಾವು ಬರೆದುಕೊಟ್ಟು ಮಗುವಿನಿಂದ ನಕಲು ಮಾಡಿಸಬೇಡಿ. ಒತ್ತಕ್ಷರ ತಪ್ಪಿದರೆ ತಪ್ಪಲಿ. ದೊಡ್ಡವರು ತಿದ್ದಿದ ಕಾಗದ ಎಲ್ಲ ಮಕ್ಕಳದೂ ಒಂದೇ ತರಹ ಇರುತ್ತದೆ, ಅದನ್ನು ಆ ಕಡೆಯ ಮಗು ಎರಡನೆಯ ಸಲ ಓದುವುದಿಲ್ಲ.

ಬಿಡಿ ಕಾಗದಗಳು ಬೇಡ. ಎಲ್ಲವನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕಳಿಸೋಣ, ಅಂಚೆಯ ಖರ್ಚು ಉಳಿಯುತ್ತದೆ. ಮಕ್ಕಳ ಮನೆಯ ವಿಳಾಸ ಬರೆಯಬೇಕಾಗಿಲ್ಲ, ಉತ್ತರ ವಾಚನಾಲಯಕ್ಕೇ ಬರಲಿ. ಅಲ್ಲಿ ಸಾಮಾನ್ಯವಾಗಿ ಅಂಚೆಯವನು ಮನೆಬಾಗಿಲಿಗೆ ಬರುವುದಿಲ್ಲವಂತೆ, ಕಾಗದ ಪೆಟ್ಟಿಗೆಯ ಸಂಖ್ಯೆಗೆ ಹೋಗುತ್ತದೆ. ಆ ಸಂಖ್ಯೆಯನ್ನು ತರಿಸಿ ಇಟ್ಟುಕೊಂಡಿದ್ದೇನೆ.

ಬರುವ ಭಾನುವಾರ ಹತ್ತು ಗಂಟೆಗೆ ಆರಂಭ. ಮೆಗಾಬ್ಲಾಕ್ ಇದ್ದರೂ ದಿವಾದ ಮಕ್ಕಳಿಗೆ ನಡೆದು ಬರುವ ದೂರವೇ. ಪೆನ್ಸಿಲು ಅವರು ತರಲಿ, ಕಾಗದ ನನ್ನದು. ಬಾಗಿಲ ಬಳಿಯ ಕುರ್ಚಿಯನ್ನು ಮಾತ್ರ ನನ್ನ ಮೊಮ್ಮಗಳು ಈಗಲೇ ಹಿಡಿದಿಟ್ಟಿದ್ದಾಳೆ.