ಕಡಲಿನ ಕಷ್ಟವೂ ಘಟ್ಟದ ಮತವೂ

(ಚಿಕ್ಕಮಗಳೂರಿನಲ್ಲಿ ನಾಗರಿಕರೂ ಉಪಾಧ್ಯಾಯರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕಾಫಿಯ ಸೀಮೆಯಲ್ಲಿ ನಿಂತು ಮೀನಿನ ಮಾತನ್ನೆತ್ತುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಚಿಕ್ಕಮಗಳೂರಿಗಾಗಲಿ, ಮೂಡಿಗೆರೆಗಾಗಲಿ, ಕಳಸಕ್ಕಾಗಲಿ ಕಡಲಿಲ್ಲ. ಮೀನುಗಾರರ ಕಷ್ಟಸುಖಗಳು ಘಟ್ಟದ ಕೆಳಗಿನ ಮಾತು, ಅದನ್ನು ಅಲ್ಲಿಯವರೇ ಆಡಿಕೊಳ್ಳಲಿ ಎಂಬ ಭಾವನೆ ಈ ಸೀಮೆಯಲ್ಲಿ ಬಹುಕಾಲದಿಂದ ಬೇರೂರಿದೆ. ಈ ಭಾವನೆಯು ಸಲ್ಲದೆಂದು ನಿವೇದಿಸುವುದಕ್ಕಾಗಿಯೇ ಇಂದು ನಾವು ನಿಮ್ಮ ಮುಂದೆ ನಿಂತಿದ್ದೇವೆ. ೨೦೦೮ರ ಕ್ಷೇತ್ರ ಪುನರ್ವಿಂಗಡಣೆಯಾದ ಮೇಲೆ ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆಗಳೂ, ಉಡುಪಿ, ಕಾಪು, ಕುಂದಾಪುರ, ಕಾರ್ಕಳಗಳೂ ಕೂಡಿ ಒಂದೇ ಲೋಕಸಭಾ ಕ್ಷೇತ್ರವಾಗಿವೆ. ೨೦೦೯ರ ಚುನಾವಣೆಯಿಂದ ಮೊದಲ್ಗೊಂಡು ಕಳಸದ ತೋಟದ ಆಳೂ ಮಲ್ಪೆಯಲ್ಲಿ ಮೀನು ಮಾರುವ ಹೆಂಗಸೂ ಸೇರಿ ಒಬ್ಬರೇ ಪ್ರತಿನಿಧಿಯನ್ನು ದಿಲ್ಲಿಗೆ ಕಳುಹಿಸುತ್ತಿದ್ದಾರೆ. ಹೀಗಿರುವಾಗ ಕಡಲಿನ ಮಾತು ನಮ್ಮದಲ್ಲವೆಂದು ಹೇಳುವ ಹಕ್ಕು ನಮಗೆಲ್ಲಿಯದು?

ಈ ನಂಟು ಚುನಾವಣಾಧಿಕಾರಿಗಳು ನಕಾಶೆಯ ಮೇಲೆ ಎಳೆದ ಗೆರೆಯಿಂದಲೇ ಹುಟ್ಟಿದುದಲ್ಲ. ನಮ್ಮ ಬೆಟ್ಟಗಳಲ್ಲಿ ಕಾಫಿಯ ತೋಟಗಳು ಎದ್ದ ಕಾಲದಲ್ಲಿ ಅಲ್ಲಿ ದುಡಿಯಲು ಆಳುಗಳು ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದರು. ಬೆಳೆದ ಕಾಫಿಯು ಅದೇ ಘಟ್ಟವನ್ನಿಳಿದು ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳನ್ನು ಸೇರಿ, ಅಲ್ಲಿಂದ ಹಡಗನ್ನೇರಿತು. ಕಳಸದ ಬಳಿಯ ಕುದುರೆಮುಖದ ಸಾಲಿನಲ್ಲಿ ಹುಟ್ಟುವ ನೇತ್ರಾವತಿಯು ಮಂಗಳೂರಿನಲ್ಲಿ ಸಮುದ್ರವನ್ನು ಕೂಡುತ್ತದೆ. ಇಂದಿಗೂ ಚಾರ್ಮಾಡಿ ಘಟ್ಟವನ್ನೇರಿ ಬರುವ ಮೀನಿನ ಗಾಡಿಗಾಗಿ ಮೂಡಿಗೆರೆಯ ಸಂತೆ ಕಾಯುತ್ತದೆ. ತೋಟದ ಲೈನುಗಳಲ್ಲಿ ವಾಸಿಸುವ ಬಡವನಿಗೆ ಮಾಂಸ ದುಬಾರಿ. ಬೂತಾಯಿ, ಬಂಗುಡೆ, ಮಳೆಗಾಲದಲ್ಲಿ ಒಣಮೀನು, ಇವೇ ಅವನ ದೇಹಕ್ಕೆ ಬಲ. ಆದುದರಿಂದ ಕಡಲು ಬರಿದಾದರೆ ಅದರ ಪೆಟ್ಟು ಮಲ್ಪೆಯ ದಡದಲ್ಲಿ ಮಾತ್ರವಲ್ಲ, ನಮ್ಮ ಆಳುಮಕ್ಕಳ ಅನ್ನದ ತಟ್ಟೆಯಲ್ಲಿಯೂ ಕಾಣಿಸಿಕೊಳ್ಳುವುದು.

ಇನ್ನು ಕಡಲ ಮಕ್ಕಳ ಸ್ಥಿತಿಯನ್ನು ನೋಡೋಣ. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು, ಗಾಬಿತರು ಮೊದಲಾದ ಅನೇಕ ಸಮಾಜಗಳೂ, ಕ್ರೈಸ್ತ ಮುಸಲ್ಮಾನ ಮೀನುಗಾರರೂ ಉಳ್ಳಾಲದಿಂದ ಕಾರವಾರದವರೆಗೆ ನೆಲೆಸಿದ್ದಾರೆ. ೨೦೧೦ರ ಗಣತಿಯ ಪ್ರಕಾರ ಕರ್ನಾಟಕದ ಕರಾವಳಿಯಲ್ಲಿ ೧೪೪ ಮೀನುಗಾರ ಗ್ರಾಮಗಳಿದ್ದುವು. ಅವುಗಳಲ್ಲಿ ೩೦,೦೦೦ಕ್ಕೂ ಮಿಕ್ಕ ಕುಟುಂಬಗಳು, ಸುಮಾರು ೧,೬೭,೦೦೦ ಜನ. ಪರರಾಜ್ಯದ ಕಾಲದಲ್ಲಿ ಇವರು ಒಂದೇ ಆಡಳಿತಕ್ಕೆ ಸೇರಿದವರಾಗಿರಲಿಲ್ಲ. ದಕ್ಷಿಣ ಕನ್ನಡವು ಮದರಾಸಿನದು, ಉತ್ತರ ಕನ್ನಡವು ೧೮೬೨ರಿಂದ ಮುಂಬಯಿಯದು, ಘಟ್ಟದ ಮೇಲಿನ ನಾವು ಮೈಸೂರಿನವರು. ಮದರಾಸಿಗೆ ಕನ್ನಡ ಕಡಲು ಒಂದು ಮೂಲೆ. ಮುಂಬಯಿಗೆ ಮತ್ತೊಂದು ಮೂಲೆ. ೧೯೫೬ರ ನವೆಂಬರ ೧ರಂದು ಕನ್ನಡನಾಡು ಒಂದಾದಾಗ, ಕಾಸರಗೋಡನ್ನು ಕಳೆದುಕೊಂಡ ನೋವಿನ ನಡುವೆಯೂ, ಇನ್ನು ಮೂಲೆಗಳಿಲ್ಲ, ಮನೆಯೊಂದೇ ಎಂದು ಕರಾವಳಿಯವರು ನಂಬಿದರು. ಆ ನಂಬುಗೆಯು ಎಷ್ಟರಮಟ್ಟಿಗೆ ಫಲಿಸಿತೆಂಬುದೇ ಇಂದಿನ ಪ್ರಶ್ನೆ.

ಹಿಂದೆ ಈ ತೀರದ ಮೀನುಗಾರಿಕೆಯ ಪ್ರಾಣವೆಂದರೆ ರಂಪಣಿ. ಅರ್ಧಚಂದ್ರಾಕಾರವಾಗಿ ಕಡಲಲ್ಲಿ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಎಳೆಯುವ ಮಹಾಬಲೆ ಅದು. ಒಂದು ಬಲೆಗೆ ಹತ್ತಾರು ಮನೆಗಳ ಕೈ ಬೇಕು. ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲುಂಟು. ಮೀನು ತಾನಾಗಿ ದಡದ ಬಳಿಗೆ ಬಂದರೆ ಮಾತ್ರ ರಂಪಣಿಗೆ ಸಿಕ್ಕುವುದು, ಬಾರದಿದ್ದರೆ ಕಾಯಬೇಕು. ೧೯೭೦ರ ದಶಕದ ನಡುವೆ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದುವು. ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಸುತ್ತುಗಟ್ಟಿ ಎತ್ತುವ ಈ ಬಲೆಯ ಮುಂದೆ ರಂಪಣಿಯು ನಾಲ್ಕಾರು ವರ್ಷಗಳಲ್ಲಿಯೇ ಮೂಲೆಗುಂಪಾಯಿತು. ಕೆಲವರು ಹೊಸ ದೋಣಿಗಳಲ್ಲಿ ಪಾಲುದಾರರಾದರು. ಪಾಲಿನ ಒಡೆಯರಾಗಿದ್ದ ಬಹುಮಂದಿ ಕೂಲಿಯಾಳುಗಳಾದರು. ನೆನಪಿಡಿ, ಈ ಮಾರ್ಪಾಡು ದೈವದಿಂದ ಬಂದುದಲ್ಲ. ಸರಕಾರದ ಸಾಲ ಸಹಾಯಗಳೇ ಯಂತ್ರದ ಬೆನ್ನಿಗಿದ್ದುವು. ಕಡಲು ಎಷ್ಟು ದೋಣಿಗಳನ್ನು ತಾಳಬಲ್ಲುದೆಂಬ ಲೆಕ್ಕವು ಮಾತ್ರ ಆ ಸಾಲಪತ್ರಗಳ ಜತೆಗೆ ಹೊರಡಲಿಲ್ಲ.

ಫಲವೇನಾಯಿತು? ಬಡವರ ಮೀನಾದ ಬೂತಾಯಿಯ ಕಥೆಯೊಂದೇ ಸಾಕು. ಮೀನಿಗೆ ರಾಜ್ಯದ ಗಡಿ ತಿಳಿಯದು. ಮಲಬಾರಿನ ಕಡಲೂ ನಮ್ಮ ಕಡಲೂ ಒಂದೇ ನೀರು. ನೆರೆಯ ಕೇರಳದಲ್ಲಿ ೨೦೧೨ರಲ್ಲಿ ಸುಮಾರು ೩,೯೦,೦೦೦ ಟನ್ ಬೂತಾಯಿ ದಡ ಸೇರಿತ್ತು. ೨೦೨೧ರಲ್ಲಿ ಸೇರಿದುದು ೩,೨೯೭ ಟನ್, ಅಂದರೆ ನೂರಕ್ಕೆ ಒಂದರಷ್ಟೂ ಇಲ್ಲ! ಅನಂತರದ ವರ್ಷಗಳಲ್ಲಿ ಫಸಲು ಚೇತರಿಸಿಕೊಂಡು ಮತ್ತೆ ೧,೦೦,೦೦೦ ಟನ್ನನ್ನು ದಾಟಿದೆ, ಅಹುದು. ಆದರೆ ಹತ್ತು ವರ್ಷಗಳೊಳಗೆ ನೂರು ಒಂದಾಗಿ ಇಳಿಯುವ ಬೆಳೆಯನ್ನು ನೆಚ್ಚಿ ಯಾವ ಸಂಸಾರ ತಾನೇ ಬಾಳೀತು? ಕಡಲಿನ ಬಿಸಿ ಏರಿದುದೂ, ಎಲ್ ನಿನೋ ಎಂಬ ಹವೆಯ ಏರುಪೇರೂ ಇದಕ್ಕೆ ಕಾರಣಗಳೆಂದು ವಿಜ್ಞಾನಿಗಳು ಹೇಳುತ್ತಾರೆ. ಆ ಕಾರಣಗಳು ನಮ್ಮ ಕೈಯಲ್ಲಿಲ್ಲ. ಮೊಟ್ಟೆಯಿಡುವ ಮೊದಲೇ ಮರಿಮೀನನ್ನು ಬಾಚಿ ಮೀನುಹಿಟ್ಟಿನ ಕಾರ್ಖಾನೆಗೆ ಸುರಿಯುವುದು ಮಾತ್ರ ಮನುಷ್ಯನ ಕೈಯಲ್ಲಿರುವ ಕಾರಣ. ಅದನ್ನು ತಡೆಯುವುದು ಸರಕಾರದ ಕೈಯಲ್ಲಿದೆ.

ತಡೆಯಲು ಕಾನೂನಿಲ್ಲವೇ? ವಕೀಲವೃತ್ತಿಯವರಾದ ನಾವು ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೀನುಗಾರಿಕೆಯು ರಾಜ್ಯಪಟ್ಟಿಯ ೨೧ನೆಯ ವಿಷಯ. ಪ್ರಾದೇಶಿಕ ಜಲದಾಚೆಯ ಮೀನುಗಾರಿಕೆಯು ಕೇಂದ್ರಪಟ್ಟಿಯ ೫೭ನೆಯ ವಿಷಯ. ಅಂದರೆ ದಡದಿಂದ ೧೨ ನಾವಿಕ ಮೈಲಿಯವರೆಗೆ ಬೆಂಗಳೂರಿನ ಆಳ್ವಿಕೆ, ಅದರಿಂದಾಚೆಗೆ ದಿಲ್ಲಿಯದು. ಬೆಂಗಳೂರು ೧೯೮೬ರಲ್ಲಿ ಕಡಲ ಮೀನುಗಾರಿಕೆಯ ನಿಯಂತ್ರಣದ ಕಾಯಿದೆಯನ್ನು ಮಾಡಿತು. ಜೂನ್ ೧ರಿಂದ ಜುಲೈ ೩೧ರವರೆಗೆ ಯಂತ್ರದೋಣಿಗಳಿಗೆ ರಜೆ. ದಿಲ್ಲಿಯು ೨೦೧೭ರ ನವೆಂಬರಿನಲ್ಲಿ, ಕಣ್ಣು ಕೋರೈಸುವ ದೀಪಗಳನ್ನು ಹೊತ್ತಿಸಿ ಮೀನನ್ನು ಸೆಳೆಯುವ ಬೆಳಕಿನ ಮೀನುಗಾರಿಕೆಯನ್ನೂ, ಎರಡು ದೋಣಿಗಳು ಒಂದೇ ಬಲೆಯನ್ನೆಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ಕಾಗದದ ಮೇಲೆ ಕೊರತೆಯಿಲ್ಲ. ಆದರೆ ಕಾನೂನು ಕಡಲಿನಲ್ಲಿ ತಾನಾಗಿ ಈಜುವುದಿಲ್ಲ. ಕಾವಲು ದೋಣಿ ಬೇಕು, ಎಣ್ಣೆ ಬೇಕು, ಅಧಿಕಾರಿ ಬೇಕು, ಎಲ್ಲಕ್ಕೂ ಮೇಲಾಗಿ ಹಿಡಿದ ದೋಣಿಯನ್ನು ಬಿಟ್ಟುಬಿಡೆಂದು ಹೇಳುವ ಧಣಿಗೆ ಮಣಿಯದ ಮನಸ್ಸು ಬೇಕು. ನಾಡದೋಣಿಯವರು ನಿಷೇಧ ಬಂದ ಮೇಲೆಯೂ ದೀಪದ ದೋಣಿಗಳ ವಿಚಾರದಲ್ಲಿ ವರ್ಷವರ್ಷವೂ ಮನವಿಗಳನ್ನು ಹೊತ್ತು ತಿರುಗಬೇಕಾಯಿತೆಂಬುದೇ ಆಡಳಿತದ ಸತ್ತ್ವಕ್ಕೆ ಸಾಕ್ಷಿ. ಕೇರಳವು ೨೦೧೫ರಲ್ಲಿ ಎಳೆಮೀನು ಹಿಡಿಯುವುದಕ್ಕೆ ಅಳತೆಯ ಕಟ್ಟನ್ನು ವಿಧಿಸಿತು. ಒಂದು ರಾಜ್ಯ ಬಿಟ್ಟ ಮರಿಯನ್ನು ಪಕ್ಕದ ರಾಜ್ಯದ ಬಂದರಿನಲ್ಲಿ ಇಳಿಸಿದರೆ ಆ ಕಟ್ಟಿಗೆ ಅರ್ಥವೇನು? ಸರಹದ್ದಿನ ರಾಜ್ಯಗಳು ಕೂಡಿ ಮಾಡಬೇಕಾದ ಕೆಲಸವಿದು.

ಮೀನು ಹೋದರೆ ಹೋಯಿತು, ಮನುಷ್ಯನ ಪ್ರಾಣಕ್ಕಾದರೂ ಬೆಲೆಯಿದೆಯೇ? ೨೦೧೮ರ ದಶಂಬರದಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿಯು ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಮನೆಯವರು ವಾರಗಟ್ಟಲೆ ಕಾದರು. ೨೦೧೯ರ ಜನವರಿಯಲ್ಲಿ ಸಾವಿರಾರು ಮಂದಿ ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದರು. ಅವಶೇಷವು ಮಾಲವಣದ ಕಡಲಿನಲ್ಲಿ ಪತ್ತೆಯಾಯಿತೆಂದು ನೌಕಾಪಡೆಯು ಹೇಳಿದುದು ಮೇ ತಿಂಗಳಲ್ಲಿ. ಈ ಏಳು ಮಂದಿಯನ್ನು ಕಳುಹಿಸಿದ ಬಂದರು ನಮ್ಮ ಕ್ಷೇತ್ರದ್ದು ಎಂಬುದನ್ನು ಮರೆಯಬೇಡಿ. ನಮ್ಮ ಊರುಗಳಲ್ಲಿ ಅವರಿಗಾಗಿ ಎಷ್ಟು ಸಭೆಗಳು ಸೇರಿದುವು? ಇನ್ನು ಉತ್ತರಕ್ಕೆ ನೋಡಿರಿ. ಕಾರವಾರ ಅಂಕೋಲೆಗಳ ತೀರದಲ್ಲಿ ನೌಕಾನೆಲೆಗೆ ೧೯೮೬ರಲ್ಲಿ ಅಸ್ತಿಭಾರವಾಯಿತು. ದೇಶದ ರಕ್ಷಣೆಗಾಗಿ ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು, ಬೇಸಾಯಗಾರರೂ ಮೀನುಗಾರರೂ, ನೆಲವನ್ನೂ ದಡವನ್ನೂ ಬಿಟ್ಟುಕೊಟ್ಟುವು. ೧೯೩೦ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನನ್ನು ಮುರಿದು ಕನ್ನಡನಾಡಿನ ಮಾನವನ್ನು ಕಾದ ತೀರವದು. ತ್ಯಾಗಕ್ಕೆ ಅದು ಹಿಂಜರಿಯಲಿಲ್ಲ. ಪರಿಹಾರದ ವ್ಯಾಜ್ಯಗಳು ಮಾತ್ರ ದಶಕಗಳ ಕಾಲ ನ್ಯಾಯಾಲಯಗಳಲ್ಲಿ ಎಳೆದಾಡಿದುವು. ಮಗನಿಗೆ ಸಲ್ಲಬೇಕಾದ ಹಣ ಮೊಮ್ಮಗನ ಕೈ ಸೇರುವುದು ನ್ಯಾಯವೆನಿಸದು.

ಈ ಔದಾಸೀನ್ಯಕ್ಕೆ ಕಾರಣವೇನು? ಕಾರಣ ಮತದ ಎಣಿಕೆಯಲ್ಲಿದೆ. ಕರಾವಳಿಯು ಒಂದೇ ಗೆರೆಯಂತೆ ಉದ್ದಕ್ಕೆ ಹಬ್ಬಿದೆ. ಚುನಾವಣೆಯ ಕ್ಷೇತ್ರಗಳು ಅದನ್ನು ತುಂಡುತುಂಡಾಗಿ ಕತ್ತರಿಸಿವೆ. ಮಂಗಳೂರಿನ ದಡ ದಕ್ಷಿಣ ಕನ್ನಡದ ಕ್ಷೇತ್ರಕ್ಕೆ, ಮಲ್ಪೆ ಕಾಪುಗಳು ನಮ್ಮೊಡನೆ, ಬೈಂದೂರು ಶಿವಮೊಗ್ಗದೊಡನೆ, ಭಟ್ಕಳದಿಂದ ಕಾರವಾರದವರೆಗಿನದು ಉತ್ತರ ಕನ್ನಡಕ್ಕೆ. ನಾಲ್ಕು ಕಡೆ ಹಂಚಿಹೋದ ಮೀನುಗಾರರು ಎಲ್ಲಿಯೂ ಒಬ್ಬರನ್ನು ಗೆಲ್ಲಿಸುವಷ್ಟಿಲ್ಲ, ಸೋಲಿಸುವಷ್ಟೂ ಇಲ್ಲ. ನಾಲ್ಕರಲ್ಲಿ ಎರಡು ಕ್ಷೇತ್ರಗಳಲ್ಲಿ ಅವರ ಜತೆಗಾರರು ಯಾರು? ಮಲೆನಾಡಿನ ನಾವು. ನಾವು ಕೇಳಿದರೆ ಅವರ ದನಿ ಇಮ್ಮಡಿಯಾಗುವುದು. ನಾವು ಸುಮ್ಮನಿದ್ದರೆ ಅವರ ದನಿ ಅಲೆಯ ಸದ್ದಿನಲ್ಲಿ ಅಡಗುವುದು.

ಬೆಳೆಯೊಂದು ಕುಸಿದಾಗ ರಾಜ್ಯವು ಕೈಹಿಡಿದರೆ ಏನಾಗುವುದೆಂಬುದು ಕಾಫಿ ಸೀಮೆಯವರಿಗೆ ಪುಸ್ತಕದಿಂದ ಕಲಿಯಬೇಕಾದ ಪಾಠವಲ್ಲ. ೧೯೨೫ರಲ್ಲಿ ಮೈಸೂರು ಸರಕಾರವು ಬಾಳೆಹೊನ್ನೂರಿನಲ್ಲಿ ಕಾಫಿಯ ಸಂಶೋಧನಾ ಕೇಂದ್ರವನ್ನು ತೆರೆಯಿತು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿ ಬೆಳೆಗಾರನು ಕಂಗೆಟ್ಟಾಗ ೧೯೪೨ರ ಕಾಯಿದೆಯು ಬಂದಿತು. ಕಾಫಿ ಮಂಡಲಿಯು ಬೆಳೆಯನ್ನೆಲ್ಲ ಒಂದೇ ಕಡೆ ಕೂಡಿಸಿ ಮಾರಿ ಹಣ ಹಂಚಿತು. ಆ ಪದ್ಧತಿಯ ಗುಣದೋಷಗಳನ್ನು ನೀವು ಬಲ್ಲಿರಿ, ೧೯೯೦ರ ದಶಕದಲ್ಲಿ ಅದು ಕೊನೆಗೊಂಡುದನ್ನೂ ಬಲ್ಲಿರಿ. ಆದರೆ ಬೆಳೆಗಾರನು ಮುಳುಗುವ ಹೊತ್ತಿನಲ್ಲಿ ಹಗ್ಗವೊಂದು ಇಳಿಯಿತೆಂಬುದು ನಿಜ. ಕಡಲಿನ ಬೆಳೆಗಾರನಿಗೆ ಇಳಿದ ಹಗ್ಗ ಯಾವುದು? ೧೯೭೨ರಲ್ಲಿ ಸಮುದ್ರೋತ್ಪನ್ನಗಳ ರಫ್ತಿನ ಪ್ರಾಧಿಕಾರ ಹುಟ್ಟಿತು; ಅದರ ಕಣ್ಣು ಹೊರದೇಶಕ್ಕೆ ಹೋಗುವ ಸೀಗಡಿಯ ಮೇಲೆ. ೨೦೧೯ರಲ್ಲಿ ದಿಲ್ಲಿಯಲ್ಲಿ ಮೀನುಗಾರಿಕೆ ಮತ್ತು ಪಶುಸಂಗೋಪನೆಗಳಿಗಾಗಿ ಹೊಸ ಮಂತ್ರಾಲಯವಾಯಿತು. ೨೦೨೦ರಲ್ಲಿ ೨೦,೦೫೦ ಕೋಟಿ ರೂಪಾಯಿಗಳ ಮತ್ಸ್ಯ ಸಂಪದ ಯೋಜನೆ ಸಾರಲ್ಪಟ್ಟಿತು. ಇವು ಸ್ವಾಗತಾರ್ಹವೇ. ಆದರೆ ಬೂತಾಯಿಯನ್ನು ಹಿಡಿಯುವ ನಾಡದೋಣಿಯವನಿಗೂ, ಅದನ್ನು ತಲೆಯ ಮೇಲೆ ಹೊತ್ತು ಮಾರುವ ಹೆಂಗಸಿಗೂ ದರದ ಭರವಸೆಯಿಲ್ಲ. ಮಂಜುಗಡ್ಡೆ ಕರಗುವುದರೊಳಗೆ ಹರಾಜು ಮುಗಿಯಬೇಕು, ಸಿಕ್ಕಿದುದೇ ಬೆಲೆ.

ಯಂತ್ರದ ದೋಣಿಯವರೂ ಮೀನುಗಾರರೇ ಅಲ್ಲವೇ, ಅವರ ಹೊಟ್ಟೆಯ ಮೇಲೆ ಹೊಡೆಯಬೇಕೆನ್ನುವಿರಾ ಎಂದು ಕೆಲವರು ಕೇಳುವರು. ಹಾಗೆ ನಾವು ಹೇಳುವುದಿಲ್ಲ. ಸಾಲ ಮಾಡಿ ದೋಣಿ ಕಟ್ಟಿಸಿದವನಿಗೆ ಬಡ್ಡಿಯ ಭಯವಿದೆ. ಆ ಭಯವೇ ಅವನನ್ನು ಮರಿಮೀನಿನ ಮೇಲೆ ಬಲೆ ಬೀಸಲು ದೂಡುತ್ತದೆ. ಮರಿಯನ್ನು ಉಳಿಸಿದರೆ ನಾಳೆ ಅವನ ಬಲೆಗೂ ಮೀನುಂಟು. ಕಟ್ಟುನಿಟ್ಟಿನ ನಿಯಮವು ನಾಡದೋಣಿಗೂ ಯಂತ್ರದೋಣಿಗೂ ಸಮಾನವಾದ ರಕ್ಷೆಯೇ ಹೊರತು ಒಬ್ಬರ ಮೇಲೆ ಇನ್ನೊಬ್ಬರ ಗೆಲುವಲ್ಲ.

ಹಾಗಾದರೆ ನಾವು ಕೇಳಬೇಕಾದುದೇನು? ಮೊದಲನೆಯದು, ೧೯೮೬ರ ಕಾಯಿದೆಗೂ ೨೦೧೭ರ ನಿಷೇಧಕ್ಕೂ ತಕ್ಕ ಕಾವಲಿನ ವ್ಯವಸ್ಥೆ. ಎಳೆಮೀನಿನ ವಿಚಾರದಲ್ಲಿ ಗೋವೆ, ಕರ್ನಾಟಕ, ಕೇರಳಗಳು ಕೂಡಿ ನಡೆಸುವ ಒಂದೇ ಕಟ್ಟಳೆ. ಎರಡನೆಯದು, ಮೀನು ಕೈಕೊಟ್ಟ ವರ್ಷ ಬರಗಾಲದ ರೈತನಿಗೆ ಸಲ್ಲುವಂತೆ ಮೀನುಗಾರನಿಗೂ ಪರಿಹಾರ. ನಾಡದೋಣಿಯ ಸೀಮೆಎಣ್ಣೆ ಹೊತ್ತಿಗೆ ಸರಿಯಾಗಿ ದೊರೆಯುವ ಏರ್ಪಾಡು. ಮೂರನೆಯದು, ಬಂದರು, ನೌಕಾನೆಲೆ, ಪ್ರವಾಸಿ ತಾಣಗಳಿಗಾಗಿ ದಡವನ್ನು ಕೊಳ್ಳುವ ಮುನ್ನ ದಡದವರ ಒಪ್ಪಿಗೆ, ಕೊಂಡ ಮೇಲೆ ಅದೇ ತಲೆಮಾರಿನಲ್ಲಿ ಪರಿಹಾರ. ನಾಲ್ಕನೆಯದು, ಕಡಲಿನಲ್ಲಿ ಕಾಣೆಯಾದವನ ಮನೆಗೆ ತಿಂಗಳುಗಳ ಕಾಯುವಿಕೆಯಿಲ್ಲದೆ ನೆರವು.

ಉಪಾಧ್ಯಾಯ ಬಂಧುಗಳಿಗೆ ಒಂದು ವಿಶೇಷ ವಿನಂತಿ. ನಿಮ್ಮ ತರಗತಿಯ ನಕಾಶೆಯಲ್ಲಿ ಕರ್ನಾಟಕದ ಪಡುವಣದ ನೀಲಿಯ ಅಂಚನ್ನು ತೋರಿಸುವಾಗ, ಅಲ್ಲಿ ಜನರಿದ್ದಾರೆಂದೂ, ಅವರು ತೆರುವ ಬೆಲೆಯಿಂದಲೇ ನಮ್ಮ ಸಂತೆಗೆ ಮೀನು ಬರುವುದೆಂದೂ ಮಕ್ಕಳಿಗೆ ತಿಳಿಸಿರಿ. ನಾಗರಿಕ ಬಂಧುಗಳಿಗೆ ನಮ್ಮ ವಿನಂತಿ ಇನ್ನೂ ಚಿಕ್ಕದು. ಮುಂದೆ ಮತ ಕೇಳಲು ಬರುವವರು ನಿಮ್ಮೆದುರು ಕಾಫಿಯ ಬೆಲೆ, ಕಾಡಾನೆಯ ಹಾವಳಿ, ರಸ್ತೆಗಳ ಮಾತನ್ನಾಡುವರು. ಆಡಲಿ, ಅವು ಬೇಕಾದ ಮಾತುಗಳೇ. ಅವರು ಎದ್ದು ಹೊರಡುವ ಮುನ್ನ ಮಲ್ಪೆಗೆ ಏನು ಮಾಡುವಿರೆಂದು ಕೇಳಿರಿ. ಅದೇ ಮಾತನ್ನು ಮಲ್ಪೆಯಲ್ಲಿಯೂ ಆಡಿದರೇ ಎಂದು ವಿಚಾರಿಸಿರಿ. ಹಾಗೆಯೇ ಮಲ್ಪೆಯವರೂ ನಮ್ಮ ತೋಟದಾಳಿನ ಕೂಲಿಯ ವಿಚಾರವನ್ನು ಅವರೊಡನೆ ಎತ್ತುವಂತಾಗಲಿ. ನಾಡು ಒಂದಾದುದು ೧೯೫೬ರಲ್ಲಿ. ಒಬ್ಬರ ಕಷ್ಟವನ್ನು ಇನ್ನೊಬ್ಬರು ಕೇಳುವಂತಾದಾಗಲೇ ಆ ಕೆಲಸ ಪೂರ್ತಿಯಾಗುವುದು.